ಗಣಕಯಂತ್ರದ ಸೆಟ್ಟಿಂಗುಗಳು: ಎಲ್ಲಿರುತ್ತವೆ, ಹೇಗೆ ಕಾಪಾಡಿಕೊಳ್ಳಬೇಕು



ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯವರು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ಅಂದಿನಿಂದ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಹಳೆಯ ಯಂತ್ರ ಕೊಟ್ಟು ಹೊಸದು ತರುವುದು, ಇಲ್ಲವೇ ಇರುವ ಯಂತ್ರವನ್ನೇ ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿಸುವುದು ನಡೆದಿದೆ. ರಿಪೇರಿಯವರು "ನಿಮ್ಮ ಫೈಲುಗಳನ್ನೆಲ್ಲ ಕಾಪಿ ಮಾಡಿ ಇಟ್ಟಿದ್ದೇವೆ" ಎಂದು ಹೇಳಿ ಯಂತ್ರವನ್ನು ಕೈಗೆ ಕೊಡುತ್ತಾರೆ. ಮನೆಗೆ ತಂದು ನೋಡಿದರೆ ಫೈಲುಗಳೇನೋ ಇವೆ. ಆದರೆ ಕನ್ನಡದಲ್ಲಿ ಟೈಪ್ ಮಾಡಲು ಬರುವುದಿಲ್ಲ, ಪ್ರಿಂಟರು ಸಿಗುವುದಿಲ್ಲ, ತಾರೀಖು ತಿರುಗಾಮುರುಗಾ ಆಗಿದೆ, ಲೆಕ್ಕದ ತಂತ್ರಾಂಶ ತೆರೆದರೆ ಒಳಗೆ ಏನೂ ಕಾಣುವುದಿಲ್ಲ. ದಾಸ್ತಾನೆಲ್ಲ ಹೊಸ ಗೋದಾಮಿಗೆ ಬಂದು, ದಾಸ್ತಾನು ಪುಸ್ತಕ ಮಾತ್ರ ಹಳೆಯ ಗೋದಾಮಿನಲ್ಲಿ ಉಳಿದಂತಹ ಪರಿಸ್ಥಿತಿ ಇದು.

ಈ ದಾಸ್ತಾನು ಪುಸ್ತಕಕ್ಕೆ ಸಮನಾದದ್ದೇ ಗಣಕಯಂತ್ರದ ಸೆಟ್ಟಿಂಗುಗಳು. ಅವು ಎಲ್ಲಿ ಕುಳಿತಿರುತ್ತವೆ, ಯಾವುವು ಯಂತ್ರಕ್ಕೆ ಸೇರಿದವು, ಯಾವುವು ಉಪಯೋಗಿಸುವವರಿಗೆ ಸೇರಿದವು ಎಂಬುದನ್ನು ತಿಳಿದಿದ್ದರೆ ಇಂತಹ ನಷ್ಟ ತಪ್ಪುತ್ತದೆ. ಇದಕ್ಕೆ ಇಂಜಿನಿಯರರ ವಿದ್ಯೆ ಬೇಕಿಲ್ಲ. ತೋಟದ ಲೆಕ್ಕ ಇಟ್ಟುಕೊಳ್ಳುವ ಯಾರಿಗಾದರೂ ಅರ್ಥವಾಗುವ ವಿಷಯವೇ ಆಗಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮಾಹಿತಿ ಬೇರೆ, ಸೆಟ್ಟಿಂಗ್ ಬೇರೆ

ಮೊದಲಿಗೆ ಈ ಎರಡನ್ನು ಬೇರ್ಪಡಿಸಿ ನೋಡಬೇಕು. ನಾವು ಬರೆದ ಪತ್ರ, ಕೂಲಿ ಪಟ್ಟಿ, ತೆಗೆದ ಫೋಟೋ ಇವೆಲ್ಲ ಮಾಹಿತಿ. ಆ ಪತ್ರವನ್ನು ಯಾವ ಅಕ್ಷರದಲ್ಲಿ ತೋರಿಸಬೇಕು, ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ, ಯಾವ ಪ್ರಿಂಟರಿಗೆ ಕಳುಹಿಸಬೇಕು, ಲೆಕ್ಕದ ಫೈಲುಗಳನ್ನು ಯಾವ ಜಾಗದಲ್ಲಿ ಹುಡುಕಬೇಕು ಎಂಬ ಸೂಚನೆಗಳೆಲ್ಲ ಸೆಟ್ಟಿಂಗುಗಳು.

ಸೆಟ್ಟಿಂಗುಗಳಲ್ಲಿಯೂ ಎರಡು ಬಗೆ. ನಮ್ಮ ಸಂಘದಲ್ಲಿ ಉಪನಿಯಮಗಳು ಎಲ್ಲ ಸದಸ್ಯರಿಗೂ ಒಂದೇ. ಆದರೆ ಪ್ರತಿಯೊಬ್ಬ ಸದಸ್ಯರಿಗೂ ಅವರದೇ ಖಾತೆಯ ಪುಟವಿದೆ. ಗಣಕಯಂತ್ರದಲ್ಲಿಯೂ ಹಾಗೆಯೇ. ಇಡೀ ಯಂತ್ರಕ್ಕೆ ಅನ್ವಯಿಸುವ ಏರ್ಪಾಡುಗಳು ಒಂದು ಕಡೆ, ಉಪಯೋಗಿಸುವ ಒಬ್ಬೊಬ್ಬರ ಇಷ್ಟಾನುಕೂಲಗಳು ಮತ್ತೊಂದು ಕಡೆ. ಸಾಮಾನ್ಯವಾಗಿ ಒಂದೇ ವಿಷಯಕ್ಕೆ ಎರಡೂ ಕಡೆ ಸೂಚನೆ ಇದ್ದರೆ ಉಪಯೋಗಿಸುವವರ ಸೂಚನೆಗೆ ಆದ್ಯತೆ. ಎರಡೂ ಕಡೆ ಇಲ್ಲದಿದ್ದರೆ ತಂತ್ರಾಂಶ ತಯಾರಿಸಿದವರು ಮೊದಲೇ ಇಟ್ಟಿರುವ ಮೂಲ ಸೂಚನೆ ಚಾಲ್ತಿಗೆ ಬರುತ್ತದೆ. ಬ್ಯಾಂಕು, ದೊಡ್ಡ ಕಛೇರಿ ಮುಂತಾದ ಕಡೆ ಆಡಳಿತದವರು ಕಟ್ಟುನಿಟ್ಟಾಗಿ ವಿಧಿಸಿದ ನಿಯಮ ಇದ್ದರೆ ಮಾತ್ರ ಅದು ಇವೆಲ್ಲವನ್ನೂ ಮೀರಿ ನಿಲ್ಲುತ್ತದೆ.

ಹಿಂದಿನ ಪದ್ಧತಿ: ಚೀಟಿಗಳ ಕಾಲ

1980ರ ದಶಕದ ಎಂಎಸ್-ಡಾಸ್ ಯಂತ್ರಗಳಲ್ಲಿ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಎಂಬ ಎರಡು ಸಣ್ಣ ಫೈಲುಗಳಿದ್ದವು. ಯಂತ್ರ ಏಳುವಾಗ ಇವೆರಡನ್ನು ಓದಿಕೊಂಡು ಎದ್ದು ನಿಲ್ಲುತ್ತಿತ್ತು. ಮುಂದೆ ವಿಂಡೋಸ್ ಬಂದಾಗ ವಿನ್.ಐಎನ್‌ಐ, ಸಿಸ್ಟಮ್.ಐಎನ್‌ಐ ಎಂಬ ಫೈಲುಗಳು ಸೇರಿದವು. ಇವು ಸಾದಾ ಬರಹದ ಫೈಲುಗಳು. ಒಂದೊಂದು ಸಾಲಿನಲ್ಲಿ ಒಂದು ಹೆಸರು, ಸಮ ಚಿಹ್ನೆ, ಅದರ ಬೆಲೆ. ಯಾರು ಬೇಕಾದರೂ ತೆರೆದು ಓದಬಹುದಿತ್ತು.

ಆದರೆ ತೊಂದರೆಗಳೂ ಇದ್ದವು. ವಿನ್.ಐಎನ್‌ಐ ಫೈಲು 64 ಕಿಲೋಬೈಟ್ ಮೀರುವಂತಿರಲಿಲ್ಲ. ಯಂತ್ರದ ಏರ್ಪಾಡು ಯಾವುದು, ವ್ಯಕ್ತಿಯ ಇಷ್ಟ ಯಾವುದು ಎಂಬ ವಿಂಗಡಣೆ ಇರಲಿಲ್ಲ. ಪ್ರತಿ ತಂತ್ರಾಂಶವೂ ತನ್ನದೊಂದು ಐಎನ್‌ಐ ಫೈಲನ್ನು ಎಲ್ಲೆಂದರಲ್ಲಿ ಇಡತೊಡಗಿತು. ಗುಮಾಸ್ತರು ಒಬ್ಬೊಬ್ಬರೂ ತಮ್ಮ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಲೆಕ್ಕ ನಡೆಸಿದಂತಾಯಿತು.

ಈ ಪದ್ಧತಿ ಪೂರ್ತಿ ಅಳಿದಿಲ್ಲ. ನಮ್ಮಲ್ಲಿ ಬಹಳ ಮಂದಿ ಬಳಸುವ ಬೆಂಗಳೂರಿನ ಟ್ಯಾಲಿ ತಂತ್ರಾಂಶ ಈಗಲೂ ಟ್ಯಾಲಿ.ಐಎನ್‌ಐ ಎಂಬ ಫೈಲನ್ನು ಇಟ್ಟುಕೊಂಡಿದೆ. ಲೆಕ್ಕದ ಫೈಲುಗಳು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿವೆ ಎಂಬ ಸೂಚನೆ ಅದರಲ್ಲಿರುತ್ತದೆ. ಹೊಸದಾಗಿ ಟ್ಯಾಲಿ ಹಾಕಿಸಿದಾಗ ಒಳಗೆ ಏನೂ ಕಾಣದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಲೆಕ್ಕ ಹೋಗಿರುವುದಿಲ್ಲ, ಲೆಕ್ಕ ಎಲ್ಲಿದೆ ಎಂಬ ವಿಳಾಸ ಹೋಗಿರುತ್ತದೆ. ಗಾಬರಿಯಿಂದ ಹೊಸ ಕಂಪನಿ ತೆರೆದು ಮೊದಲಿನಿಂದ ನಮೂದಿಸಲು ಹೊರಡುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ರಿಜಿಸ್ಟ್ರಿ: ಒಂದೇ ದೊಡ್ಡ ಲೆಡ್ಜರು

ಚೀಟಿಗಳನ್ನೆಲ್ಲ ಸೇರಿಸಿ ಒಂದೇ ಲೆಡ್ಜರಿಗೆ ತರುವ ಪ್ರಯತ್ನವೇ ವಿಂಡೋಸ್ ರಿಜಿಸ್ಟ್ರಿ. 1992ರ ವಿಂಡೋಸ್ 3.1ರಲ್ಲಿ ಇದು ಸಣ್ಣ ರೂಪದಲ್ಲಿ ಬಂತು. 1993ರ ವಿಂಡೋಸ್ ಎನ್‌ಟಿ ಮತ್ತು 1995ರ ವಿಂಡೋಸ್ 95ರಲ್ಲಿ ವಿಸ್ತಾರಗೊಂಡು ಇಂದಿಗೂ ಮುಂದುವರಿದಿದೆ.

ರಿಜಿಸ್ಟ್ರಿಯನ್ನು ತೆರೆದು ನೋಡಿದರೆ ಮರದಂತೆ ಕವಲೊಡೆದಿರುತ್ತದೆ. ಬುಡದಲ್ಲಿ ಐದು ಹೆಸರುಗಳು ಕಾಣುತ್ತವೆ. ಅವುಗಳಲ್ಲಿ ನಾವು ಗುರುತಿಟ್ಟುಕೊಳ್ಳಬೇಕಾದವು ಎರಡೇ. ಎಚ್‌ಕೀ-ಲೋಕಲ್-ಮೆಷಿನ್ ಎಂಬುದು ಇಡೀ ಯಂತ್ರದ ಏರ್ಪಾಡು, ಅಂದರೆ ಸಂಘದ ಉಪನಿಯಮ. ಎಚ್‌ಕೀ-ಕರೆಂಟ್-ಯೂಸರ್ ಎಂಬುದು ಈಗ ಯಂತ್ರದ ಮುಂದೆ ಲಾಗಿನ್ ಆಗಿ ಕುಳಿತವರ ಇಷ್ಟಾನುಕೂಲ, ಅಂದರೆ ಸದಸ್ಯರ ಖಾತೆಯ ಪುಟ. ಮಿಕ್ಕ ಮೂರು ಬಹುಮಟ್ಟಿಗೆ ಇವೇ ಸಂಗತಿಗಳನ್ನು ಬೇರೆ ಬಾಗಿಲಿನಿಂದ ತೋರಿಸುತ್ತವೆ.

ನೋಡಲು ಒಂದೇ ಲೆಡ್ಜರಿನಂತೆ ಕಂಡರೂ ಡಿಸ್ಕಿನಲ್ಲಿ ಇದು ಹಲವು ಫೈಲುಗಳಾಗಿ ಕುಳಿತಿದೆ. ಇವುಗಳಿಗೆ ಹೈವ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಜೇನುಗೂಡು. ಯಂತ್ರಕ್ಕೆ ಸೇರಿದ ಗೂಡುಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ, ಸಿಸ್ಟಮ್32ರ ಒಳಗಿನ ಕಾನ್ಫಿಗ್ ಎಂಬ ಫೋಲ್ಡರಿನಲ್ಲಿರುತ್ತವೆ. ಸಿಸ್ಟಮ್, ಸಾಫ್ಟ್‌ವೇರ್, ಸೆಕ್ಯುರಿಟಿ, ಸ್ಯಾಮ್, ಡೀಫಾಲ್ಟ್ ಎಂದು ಅವುಗಳ ಹೆಸರು. ಯಂತ್ರದ ಭಾಗಗಳನ್ನು ಹೇಗೆ ನಡೆಸಬೇಕೆಂಬುದು ಸಿಸ್ಟಮ್ ಫೈಲಿನಲ್ಲಿ, ಹಾಕಿಸಿದ ತಂತ್ರಾಂಶಗಳ ವಿವರ ಸಾಫ್ಟ್‌ವೇರ್ ಫೈಲಿನಲ್ಲಿ, ಯಂತ್ರದಲ್ಲಿರುವ ಬಳಕೆದಾರರ ಖಾತೆಗಳು ಸ್ಯಾಮ್ ಫೈಲಿನಲ್ಲಿ.

ಒಬ್ಬೊಬ್ಬ ಬಳಕೆದಾರರ ಇಷ್ಟಾನುಕೂಲ ಇರುವುದು ಬೇರೆ ಜಾಗದಲ್ಲಿ. ಸಿ ಡ್ರೈವಿನಲ್ಲಿ ಯೂಸರ್ಸ್ ಎಂಬ ಫೋಲ್ಡರು, ಅದರೊಳಗೆ ಅವರವರ ಹೆಸರಿನ ಫೋಲ್ಡರು, ಅದರಲ್ಲಿ ಎನ್‌ಟಿಯೂಸರ್.ಡ್ಯಾಟ್ ಎಂಬ ಫೈಲು. ಇದು ಮರೆಮಾಡಿದ ಫೈಲಾದ್ದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ನೀವು ಲಾಗಿನ್ ಆದಾಗ ವಿಂಡೋಸ್ ಈ ಫೈಲನ್ನು ತೆಗೆದು ರಿಜಿಸ್ಟ್ರಿಯ ಮರಕ್ಕೆ ಕಸಿ ಕಟ್ಟುತ್ತದೆ; ಲಾಗೌಟ್ ಆದಾಗ ಬಿಚ್ಚಿ ಇಡುತ್ತದೆ. ಆದ್ದರಿಂದಲೇ ಒಂದೇ ಯಂತ್ರದಲ್ಲಿ ತಂದೆ ಲಾಗಿನ್ ಆದರೆ ಒಂದು ಚಿತ್ರ, ಮಗಳು ಲಾಗಿನ್ ಆದರೆ ಇನ್ನೊಂದು ಚಿತ್ರ ಪರದೆಯ ಮೇಲೆ ಬರುವುದು.

ತಾರೀಖಿನ ಸೆಟ್ಟಿಂಗ್: ಚಿಕ್ಕದು, ಆದರೆ ಹಣದ ಪ್ರಶ್ನೆ

ಪರದೆಯ ಚಿತ್ರ ಯಾವುದಾದರೇನು ಎಂದು ಸದಸ್ಯರು ಕೇಳಬಹುದು. ಒಪ್ಪುತ್ತೇವೆ. ಆದರೆ ತಾರೀಖು ಬರೆಯುವ ಕ್ರಮವೂ ಹೀಗೆಯೇ ಒಬ್ಬೊಬ್ಬರ ಖಾತೆಯಲ್ಲಿ ಕುಳಿತಿರುವ ಸೆಟ್ಟಿಂಗು. ಎಚ್‌ಕೀ-ಕರೆಂಟ್-ಯೂಸರ್ ಅಡಿಯಲ್ಲಿ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಇಂಟರ್‌ನ್ಯಾಷನಲ್ ಎಂಬಲ್ಲಿ ಇದು ಇದೆ. ಭಾರತದ ಕ್ರಮದಲ್ಲಿ ದಿನ ಮೊದಲು, ತಿಂಗಳು ನಂತರ. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು. ಹೊಸದಾಗಿ ವಿಂಡೋಸ್ ಹಾಕುವಾಗ ಕೇಳುವ ಪ್ರಶ್ನೆಗೆ ಅವಸರದಲ್ಲಿ ಅಮೆರಿಕದ ಇಂಗ್ಲಿಷ್ ಎಂದು ಒತ್ತಿಬಿಟ್ಟರೆ ಅಮೆರಿಕದ ಕ್ರಮ ಬಂದು ಕೂರುತ್ತದೆ.

ಆಗ ಏನಾಗುತ್ತದೆ ನೋಡೋಣ. ಎಕ್ಸೆಲ್ ಹಾಳೆಯಲ್ಲಿ ಜೂನ್ 5 ಎಂಬ ಅರ್ಥದಲ್ಲಿ 5/6 ಎಂದು ನಮೂದಿಸುತ್ತೀರಿ. ಯಂತ್ರ ಅದನ್ನು ಮೇ 6 ಎಂದು ತೆಗೆದುಕೊಳ್ಳುತ್ತದೆ. ತಪ್ಪೆಂದು ಹೇಳುವುದಿಲ್ಲ. ನಡುವಿನ ಅಂತರ 30 ದಿನ. ಒಂದು ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 12ರ ಬಡ್ಡಿ ಎಂದಿಟ್ಟುಕೊಂಡರೆ 30 ದಿನಕ್ಕೆ ಸುಮಾರು 986 ರೂಪಾಯಿ ವ್ಯತ್ಯಾಸ. ಇದು ಸದಸ್ಯರ ಕೈಯಿಂದ ಹೋಗಬಹುದು, ಸಂಘದ ಕೈಯಿಂದಲೂ ಹೋಗಬಹುದು. ಇನ್ನು 25/6 ಎಂದು ನಮೂದಿಸಿದರೆ, 25ನೆಯ ತಿಂಗಳು ಎಂಬುದು ಇಲ್ಲವಾದ್ದರಿಂದ, ಯಂತ್ರ ಅದನ್ನು ತಾರೀಖು ಎಂದೇ ಪರಿಗಣಿಸದೆ ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ತಾರೀಖುವಾರು ಜೋಡಿಸುವಾಗ ಆ ಸಾಲು ಹಿಂದೆ ಬೀಳುತ್ತದೆ.

ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ಇದು ಬಳಕೆದಾರರ ಸೆಟ್ಟಿಂಗ್ ಆದ್ದರಿಂದ ಒಂದೇ ಯಂತ್ರದಲ್ಲಿ ಒಬ್ಬ ಗುಮಾಸ್ತರ ಲಾಗಿನ್‌ನಲ್ಲಿ ಸರಿಯಾಗಿಯೂ ಇನ್ನೊಬ್ಬರ ಲಾಗಿನ್‌ನಲ್ಲಿ ತಪ್ಪಾಗಿಯೂ ಇರಬಹುದು. ಒಬ್ಬರು ಸರಿಪಡಿಸಿದ ಮಾತ್ರಕ್ಕೆ ಯಂತ್ರವೆಲ್ಲ ಸರಿಯಾಯಿತು ಎಂದು ತಿಳಿಯಬಾರದು. ಲಕ್ಷದ ಅಂಕಿಯಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕೆಂಬುದೂ ಇದೇ ಜಾಗದಲ್ಲಿದೆ. 1,00,000 ಎಂದು ಬರಬೇಕಾದದ್ದು 100,000 ಎಂದು ಬಂದರೆ ಸೆಟ್ಟಿಂಗ್ ಅಮೆರಿಕದ್ದು ಎಂದು ಕೂಡಲೇ ಗುರುತಿಸಬಹುದು.

ಇದನ್ನು ಸರಿಪಡಿಸಲು ರಿಜಿಸ್ಟ್ರಿಗೆ ಕೈಹಾಕಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್, ಅದರಲ್ಲಿ ರೀಜನ್ ಎಂಬಲ್ಲಿ ಭಾರತದ ಕ್ರಮ ಆರಿಸಿದರೆ ಸಾಕು. ನಾವು ಪರದೆಯ ಮೇಲೆ ಒತ್ತಿದ್ದನ್ನು ವಿಂಡೋಸ್ ತಾನೇ ರಿಜಿಸ್ಟ್ರಿಯಲ್ಲಿ ಬರೆದುಕೊಳ್ಳುತ್ತದೆ.

ಕನ್ನಡದ ವಿಷಯ

ಕನ್ನಡ ಕೀಲಿಮಣೆಯೂ ಬಳಕೆದಾರರ ಸೆಟ್ಟಿಂಗೇ. ಎಚ್‌ಕೀ-ಕರೆಂಟ್-ಯೂಸರ್ ಅಡಿಯಲ್ಲಿ ಕೀಬೋರ್ಡ್ ಲೇಔಟ್ ಎಂಬಲ್ಲಿ ಭಾಷೆಗೊಂದು ಸಂಕೇತ ಸಂಖ್ಯೆ ಇರುತ್ತದೆ. ಕನ್ನಡದ ಸಂಕೇತ 044ಬಿ. ಹೊಸ ಯಂತ್ರದಲ್ಲಿ ಪ್ರತಿ ಬಳಕೆದಾರರೂ ತಮ್ಮ ತಮ್ಮ ಲಾಗಿನ್‌ನಲ್ಲಿ ಕನ್ನಡವನ್ನು ಸೇರಿಸಿಕೊಳ್ಳಬೇಕು.

ಅಕ್ಷರ ವಿನ್ಯಾಸಗಳು ಮಾತ್ರ ಬೇರೆ. ಅವು ಮುಖ್ಯವಾಗಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬ ಫೋಲ್ಡರಿನಲ್ಲಿ ಫೈಲುಗಳಾಗಿ ಇರುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ನಡಾವಳಿ, ಪತ್ರಗಳು ನಮ್ಮ ಅನೇಕರ ಬಳಿ ಇವೆ. ಇವು ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲು ಹಾಳಾಯಿತೆಂದು ಅಳಿಸಬೇಡಿ. ನುಡಿ ಹಾಕಿಸಿಕೊಂಡ ಕೂಡಲೇ ಬರಹ ಮೊದಲಿನಂತೆ ಕಾಣುತ್ತದೆ.

ಕಾಣದ ಫೋಲ್ಡರು

ಎಲ್ಲ ತಂತ್ರಾಂಶಗಳೂ ರಿಜಿಸ್ಟ್ರಿಯನ್ನೇ ನೆಚ್ಚಿಕೊಂಡಿಲ್ಲ. ಅನೇಕ ತಂತ್ರಾಂಶಗಳು ಬಳಕೆದಾರರ ಫೋಲ್ಡರಿನೊಳಗಿರುವ ಆಪ್‌ಡೇಟಾ ಎಂಬ ಜಾಗದಲ್ಲಿ ತಮ್ಮ ಸೆಟ್ಟಿಂಗ್ ಇಡುತ್ತವೆ. ಕ್ರೋಮ್ ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಪುಟಗಳು, ಉಳಿಸಿದ ಗುಪ್ತಪದಗಳು ಇಲ್ಲಿವೆ. ಥಂಡರ್‌ಬರ್ಡ್ ಬಳಸುವವರ ಅಂಚೆಯೂ ಇಲ್ಲಿಯೇ ಇರುತ್ತದೆ. ಆಪ್‌ಡೇಟಾ ಕೂಡ ಮರೆಮಾಡಿದ ಫೋಲ್ಡರು. ರಿಪೇರಿಯವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರನ್ನು ಕಾಪಿ ಮಾಡಿ ಕೆಲಸ ಮುಗಿಯಿತೆಂದರೆ ಇದು ಅಲ್ಲಿಯೇ ಉಳಿದು ಅಳಿದುಹೋಗುತ್ತದೆ. ಕೊಡುವ ಮುನ್ನವೇ "ನಮ್ಮ ಹೆಸರಿನ ಇಡೀ ಫೋಲ್ಡರು ಕಾಪಿ ಆಗಬೇಕು, ಮರೆಯಾಗಿರುವುದೂ ಸೇರಿ" ಎಂದು ಹೇಳಿ, ಸಾಧ್ಯವಿದ್ದರೆ ಚೀಟಿಯಲ್ಲಿ ಬರೆದುಕೊಡುವುದು ಲೇಸು. ಗುಪ್ತಪದಗಳನ್ನು ಮಾತ್ರ ವಿಂಡೋಸ್ ಆ ಬಳಕೆದಾರರ ಖಾತೆಗೆ ಬೀಗ ಹಾಕಿ ಇಡುವುದರಿಂದ ಬರೀ ಕಾಪಿಯಿಂದ ಅವು ಹೊಸ ಯಂತ್ರದಲ್ಲಿ ತೆರೆಯುವುದಿಲ್ಲ. ಅವನ್ನು ಬೇರೆ ಸುರಕ್ಷಿತ ಪುಸ್ತಕದಲ್ಲಿ ಬರೆದಿಟ್ಟಿರಬೇಕು.

ವಿದ್ಯುತ್ ಕೈಕೊಟ್ಟಾಗ

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಎಷ್ಟು ಬಾರಿ ಹೋಗಿಬರುತ್ತದೆಂದು ಹೇಳಬೇಕಾಗಿಲ್ಲ. ಸೆಟ್ಟಿಂಗ್ ಬದಲಾದ ಕೂಡಲೇ ಅದು ಡಿಸ್ಕಿನಲ್ಲಿ ಬರೆಯಲ್ಪಡುವುದಿಲ್ಲ, ಸ್ವಲ್ಪ ಹೊತ್ತು ತಡೆದು ಬರೆಯಲ್ಪಡುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಗೂಡಿನ ಫೈಲು ಅರ್ಧಂಬರ್ಧ ಆಗಬಹುದು. ಇದಕ್ಕಾಗಿ ವಿಂಡೋಸ್ ಪ್ರತಿ ಗೂಡಿನ ಪಕ್ಕದಲ್ಲಿ ಲಾಗ್ ಎಂಬ ಕಚ್ಚಾ ಪುಸ್ತಕ ಇಟ್ಟುಕೊಂಡಿದೆ. ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದು ಅನಂತರ ಲೆಡ್ಜರಿಗೆ ಏರಿಸುತ್ತದೆ. ಅರ್ಧದಲ್ಲಿ ನಿಂತಿದ್ದರೆ ಮುಂದಿನ ಬಾರಿ ಏಳುವಾಗ ಕಚ್ಚಾ ಪುಸ್ತಕ ನೋಡಿ ಪೂರ್ತಿಗೊಳಿಸುತ್ತದೆ. ಬಹುಪಾಲು ಸಲ ಇದರಿಂದ ಯಂತ್ರ ಉಳಿದುಕೊಳ್ಳುತ್ತದೆ. ಪ್ರತಿ ಸಲವೂ ಅಲ್ಲ.

ಎನ್‌ಟಿಯೂಸರ್.ಡ್ಯಾಟ್ ಹಾಳಾಗಿ ತೆರೆಯಲಾಗದಿದ್ದರೆ ವಿಂಡೋಸ್ ಒಂದು ತಾತ್ಕಾಲಿಕ ಖಾತೆ ಕೊಟ್ಟು ಒಳಗೆ ಬಿಡುತ್ತದೆ. ಪರದೆ ಖಾಲಿ, ಫೈಲುಗಳೆಲ್ಲ ಮಾಯ. ನೋಡಿದವರ ಎದೆ ಒಡೆದುಹೋಗುವ ದೃಶ್ಯ. ಆದರೆ ಸಾಮಾನ್ಯವಾಗಿ ನಿಮ್ಮ ಫೈಲುಗಳು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಅಡಿಯಲ್ಲಿ ಹಾಗೆಯೇ ಇರುತ್ತವೆ. ಇಲ್ಲಿ ಎಚ್ಚರಿಕೆ ಬೇಕಾದದ್ದು ಬೇರೆ. ತಾತ್ಕಾಲಿಕ ಖಾತೆಯಲ್ಲಿ ಕುಳಿತು ಹೊಸದಾಗಿ ಕೆಲಸ ಮಾಡಿ ಡೆಸ್ಕ್‌ಟಾಪಿನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಉಳಿಸಿದರೆ, ಲಾಗೌಟ್ ಆದೊಡನೆ ಆ ಕೆಲಸ ಅಳಿದುಹೋಗುತ್ತದೆ. ಹಾಗೆ ಕಂಡಲ್ಲಿ ಏನನ್ನೂ ಬರೆಯದೆ ಯಂತ್ರವನ್ನು ಒಮ್ಮೆ ಮರಳಿ ಚಾಲೂ ಮಾಡಿ. ಸರಿಹೋಗದಿದ್ದರೆ ತಿಳಿದವರನ್ನು ಕರೆಯಿರಿ. ಒಂದು ಸಾಧಾರಣ ಯುಪಿಎಸ್ ಇದ್ದರೆ ಈ ಪ್ರಸಂಗವೇ ಅಪರೂಪ.

ಹಿಂದಿನ ವಿಂಡೋಸ್‌ಗಳು ಕಾನ್ಫಿಗ್ ಫೋಲ್ಡರಿನೊಳಗೆ ರೆಗ್‌ಬ್ಯಾಕ್ ಎಂಬಲ್ಲಿ ರಿಜಿಸ್ಟ್ರಿಯ ಒಂದು ನಕಲನ್ನು ತಾವಾಗಿಯೇ ಇಡುತ್ತಿದ್ದವು. 2018ರಲ್ಲಿ ಬಂದ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ ಆ ಪದ್ಧತಿಯನ್ನು ಕೈಬಿಡಲಾಗಿದೆ. ಈಗ ನಾವೇ ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಅನೇಕ ಯಂತ್ರಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ. ಅದನ್ನು ಚಾಲೂ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ಇಟ್ಟರೆ ಆ ದಿನದ ರಿಜಿಸ್ಟ್ರಿಗೆ ಹಿಂತಿರುಗಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಕಾಯಿ ಉದುರಿದ ಮೇಲೆ ಅಲ್ಲ. ಇದೂ ಹಾಗೆಯೇ.

ರಿಜಿಸ್ಟ್ರಿ ಶುಚಿಗೊಳಿಸುವವರು

ರಿಜಿಸ್ಟ್ರಿಯಲ್ಲಿ ಕಸ ತುಂಬಿದೆ, ಶುಚಿ ಮಾಡಿದರೆ ಯಂತ್ರ ವೇಗವಾಗುತ್ತದೆ ಎಂದು ಹೇಳುವ ತಂತ್ರಾಂಶಗಳ ಜಾಹೀರಾತು ಬಹಳ. ಮೈಕ್ರೋಸಾಫ್ಟ್ ಸಂಸ್ಥೆಯೇ ಇಂತಹ ತಂತ್ರಾಂಶಗಳ ಬಳಕೆಯನ್ನು ಬೆಂಬಲಿಸುವುದಿಲ್ಲ. ಲೆಡ್ಜರಿನಲ್ಲಿ ಮುಗಿದ ಖಾತೆಯ ನಾಲ್ಕು ಹಾಳೆ ಇದ್ದ ಮಾತ್ರಕ್ಕೆ ಸಂಘದ ಕೆಲಸ ನಿಧಾನವಾಗುವುದಿಲ್ಲ. ತಿಳಿಯದವರು ಹಾಳೆ ಹರಿದರೆ ಚಾಲ್ತಿ ಖಾತೆಯೂ ಹೋದೀತು. ರೆಜ್‌ಎಡಿಟ್ ಎಂಬ ಸಾಧನದಿಂದ ನಾವೇ ರಿಜಿಸ್ಟ್ರಿ ತಿದ್ದಬಹುದಾದರೂ ಅದರಲ್ಲಿ ಉಳಿಸು ಎಂಬ ಗುಂಡಿಯಿಲ್ಲ, ಹಿಂದಕ್ಕೆ ಪಡೆ ಎಂಬುದೂ ಇಲ್ಲ. ತಿದ್ದಿದ್ದು ಆ ಕ್ಷಣದಲ್ಲೇ ತಿದ್ದಿದಂತೆ. ತಿದ್ದಲೇಬೇಕಾದರೆ ಮೊದಲು ಆ ಕೊಂಬೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಬೇಕು. ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದ, ರೆಗ್ ಎಂದು ಕೊನೆಗೊಳ್ಳುವ ಫೈಲನ್ನು ಒತ್ತಬಾರದು. ಅದು ನೇರವಾಗಿ ರಿಜಿಸ್ಟ್ರಿಯೊಳಗೆ ಬರೆಯುವ ಫೈಲು.

ಇತರ ಯಂತ್ರಗಳು, ಫೋನುಗಳು

ಲಿನಕ್ಸ್ ವ್ಯವಸ್ಥೆಯಲ್ಲಿ ರಿಜಿಸ್ಟ್ರಿ ಇಲ್ಲ. ಕಾಸರಗೋಡಿನ ಕಡೆಯ ಬೆಳೆಗಾರರ ಮಕ್ಕಳಿಗೆ ಇದರ ಪರಿಚಯವಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿದೆ. ಯಂತ್ರದ ಏರ್ಪಾಡುಗಳು ಎಟ್ಸಿ ಎಂಬ ಫೋಲ್ಡರಿನಲ್ಲಿ ಬಹುಮಟ್ಟಿಗೆ ಸಾದಾ ಬರಹದ ಫೈಲುಗಳಾಗಿವೆ. ವ್ಯಕ್ತಿಯ ಇಷ್ಟಾನುಕೂಲಗಳು ಅವರ ಹೋಮ್ ಫೋಲ್ಡರಿನಲ್ಲಿ, ಚುಕ್ಕೆಯಿಂದ ಆರಂಭವಾಗುವ ಹೆಸರಿನ ಮರೆಯಾದ ಫೈಲುಗಳಲ್ಲಿ ಮತ್ತು ಚುಕ್ಕೆ-ಕಾನ್ಫಿಗ್ ಎಂಬ ಫೋಲ್ಡರಿನಲ್ಲಿವೆ. ಹೋಮ್ ಫೋಲ್ಡರನ್ನು ಚುಕ್ಕೆಯ ಫೈಲುಗಳ ಸಮೇತ ಹೊಸ ಯಂತ್ರಕ್ಕೆ ಒಯ್ದರೆ ಬಹುಪಾಲು ಇಷ್ಟಾನುಕೂಲ ಜೊತೆಗೇ ಬರುತ್ತದೆ. ಆಪಲ್ ಯಂತ್ರಗಳಲ್ಲಿ ಲೈಬ್ರರಿ ಫೋಲ್ಡರಿನೊಳಗಿನ ಪ್ರಿಫರೆನ್ಸಸ್ ಎಂಬಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫೈಲು ಇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆಪ್‌ಗೂ ಫೋನಿನ ಒಳಗೆ ಖಾಸಗಿ ಕೋಣೆಯೊಂದಿದೆ. ಅದರ ಸೆಟ್ಟಿಂಗುಗಳು ಅಲ್ಲಿರುತ್ತವೆ. ಒಂದು ಆಪ್ ಇನ್ನೊಂದರ ಕೋಣೆಗೆ ಹೋಗುವಂತಿಲ್ಲ. ಫೋನು ನಿಧಾನವಾದಾಗ ಆಪ್ ವಿವರದಲ್ಲಿ ಎರಡು ಗುಂಡಿ ಕಾಣುತ್ತವೆ. ಕ್ಲಿಯರ್ ಕ್ಯಾಶೆ ಎಂಬುದು ಅಂಗಳ ಗುಡಿಸಿದಂತೆ, ಹೆದರಬೇಕಿಲ್ಲ. ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್ ಎಂಬುದು ಕೋಣೆಯನ್ನೇ ಖಾಲಿ ಮಾಡಿದಂತೆ. ಹಣ ಪಾವತಿಯ ಆಪ್ ಆಗಿದ್ದರೆ ಮತ್ತೆ ಮೊದಲಿನಿಂದ ನೋಂದಣಿ ಮಾಡಬೇಕು. ಮಳೆಯ ಲೆಕ್ಕ, ಕೂಲಿ ಲೆಕ್ಕವನ್ನು ಫೋನಿನಲ್ಲೇ ಇಡುವ ಆಪ್ ಆಗಿದ್ದರೆ ಅದುವರೆಗಿನ ಲೆಕ್ಕವೂ ಹೋಗುತ್ತದೆ.

ಯಂತ್ರ ಬದಲಾಯಿಸುವ ಮುನ್ನ

ಮೇಲಿನದರ ಸಾರವನ್ನು ಸದಸ್ಯರು ಈ ರೀತಿ ಕಾರ್ಯರೂಪಕ್ಕೆ ತರಬಹುದು.

1. ಹಳೆಯ ಯಂತ್ರದಲ್ಲಿ ತಾರೀಖಿನ ಕ್ರಮ, ಕೀಲಿಮಣೆ, ಪ್ರಿಂಟರಿನ ಹೆಸರು ಇವುಗಳ ಪುಟಗಳನ್ನು ತೆರೆದು ಫೋನಿನಲ್ಲಿ ಫೋಟೋ ತೆಗೆದಿಡಿ.

2. ಲೆಕ್ಕದ ತಂತ್ರಾಂಶದ ಮಾಹಿತಿ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಕಾಗದದಲ್ಲಿ ಬರೆದಿಡಿ. ಆ ತಂತ್ರಾಂಶದೊಳಗಿನ ಬ್ಯಾಕಪ್ ಕೂಡ ತೆಗೆಯಿರಿ.

3. ನಿಮ್ಮ ಹೆಸರಿನ ಇಡೀ ಫೋಲ್ಡರನ್ನು, ಆಪ್‌ಡೇಟಾ ಸೇರಿ, ಹೊರಗಿನ ಡಿಸ್ಕಿಗೆ ಕಾಪಿ ಮಾಡಿಸಿ.

4. ನುಡಿ ಮುಂತಾದ ಕನ್ನಡ ತಂತ್ರಾಂಶದ ಅನುಸ್ಥಾಪನಾ ಫೈಲು ಕೈಯಲ್ಲಿದೆಯೇ ನೋಡಿಕೊಳ್ಳಿ.

5. ಹೊಸ ಯಂತ್ರ ಬಂದ ದಿನವೇ ಎಕ್ಸೆಲ್‌ನಲ್ಲಿ 25/6 ಎಂದು ನಮೂದಿಸಿ ನೋಡಿ. ಅಂಕಿ ಎಡಗಡೆಗೆ ಅಂಟಿಕೊಂಡು ಅಕ್ಷರದಂತೆ ನಿಂತರೆ ಕ್ರಮ ತಪ್ಪಿದೆ ಎಂದರ್ಥ. ಪ್ರತಿ ಬಳಕೆದಾರರ ಲಾಗಿನ್‌ನಲ್ಲಿಯೂ ಈ ಪರೀಕ್ಷೆ ಮಾಡಿ.

6. ಎಲ್ಲವೂ ಸರಿಯಾದ ಮೇಲೆ ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಮಾಡಿ ರಿಸ್ಟೋರ್ ಪಾಯಿಂಟ್ ಒಂದನ್ನು ಇಡಿ.

7. ಹೊಸ ಯಂತ್ರದಲ್ಲಿ ಒಂದು ತಿಂಗಳ ಲೆಕ್ಕ ಸರಿಯಾಗಿ ಬರುವವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ, ಮಾರಬೇಡಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಿಂದ ಪ್ರಯೋಜನವಿಲ್ಲ ಎಂಬ ಗಾದೆಯನ್ನು ಬಲ್ಲ ನಮಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೇಲಿನ ಏಳರಲ್ಲಿ ಯಾವುದನ್ನಾದರೂ ಮಾಡುವ ಕ್ರಮ ತಿಳಿಯದ ಸದಸ್ಯರು ಕಛೇರಿಯ ಕೆಲಸದ ವೇಳೆಯಲ್ಲಿ ಬಂದರೆ ಸಂಘದ ಯಂತ್ರದಲ್ಲಿಯೇ ತೋರಿಸಿಕೊಡಲು ಏರ್ಪಾಡು ಮಾಡಿದ್ದೇವೆ. ಮನೆಯಲ್ಲಿ ಓದುತ್ತಿರುವ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಅವರು ಒಮ್ಮೆ ನೋಡಿಕೊಂಡರೆ ಅಕ್ಕಪಕ್ಕದ ನಾಲ್ಕು ಮನೆಗೂ ಅನುಕೂಲವಾದೀತು.

ಕಾರ್ಯದರ್ಶಿ